ಲ್ಯಾಪ್‌ಟಾಪಿನ ಗಂಟಲು, ಮೂರನೇ ಕರೆ

ಸದ್ದು ಮಾಡುವ ವಸ್ತುಗಳಿಗೆ ನಾನು ಹೆದರುವವಳಲ್ಲ. ಸದ್ದು ಮಾಡಬೇಕಾದದ್ದು ಸುಮ್ಮನೆ ಕೂತರೆ ಮಾತ್ರ ನನಗೆ ಹೆದರಿಕೆ. ಒಲೆಯ ಮೇಲಿನ ಕುಕ್ಕರ್ ಕೂಗದಿದ್ದರೆ, ಪಕ್ಕದ ಕೋಣೆಯಲ್ಲಿ ಆಡುತ್ತಿದ್ದ ಮಗು ಒಮ್ಮೆಗೇ ಮೌನವಾದರೆ, ನಂತೂರಿನ ಹೆದ್ದಾರಿಯ ಕಡೆಯಿಂದ ಬರುವ ಲಾರಿಗಳ ಗುರುಗುರು ಒಂದು ಗಳಿಗೆ ನಿಂತರೆ ಏನೋ ಆಗಿದೆ ಎಂದೇ ಅರ್ಥ. ನನ್ನ ವಿಷಯ ಬೇರೆ. ನಾನು ಹುಟ್ಟಿನಿಂದಲೇ ಸದ್ದಿಲ್ಲದವಳು. ಊರ ಶಾಲೆಯಲ್ಲಿ ಹಾಜರಿ ಕರೆಯುವಾಗ ನಾನು ‘ಬಂದಿದ್ದೇನೆ’ ಎಂದದ್ದು ಟೀಚರಿಗೆ ಕೇಳಿಸದೆ, ಅವರ ಕಣ್ಣೆದುರೇ ಕೂತುಕೊಂಡು ಎಷ್ಟೋ ದಿನ ಗೈರುಹಾಜರಾದವಳು. ಇದನ್ನು ಬಾಯಲ್ಲಿ ಹೇಳದೆ ಬರೆಯುತ್ತಿರುವುದೂ ಅದಕ್ಕೇ. ಹಾಸ್ಟೆಲಿನಲ್ಲಿ ಓದುವ ಮೊಮ್ಮಗಳು ಅನ್ವಿಗೂ, ಇನ್ನೂ ಓದಲು ಬಾರದ ಅವಳ ತಮ್ಮ ನಿಹಾಲನಿಗೂ ಇರಲಿ ಎಂದು. ನಾವು ಮನೆಯಲ್ಲಿ ಮಾತಾಡುವುದು ತುಳು. ನನಗೆ ಬರೆಯಲು ಬರುವುದು ಕನ್ನಡ ಮಾತ್ರ. ಆದ್ದರಿಂದ ಇಲ್ಲಿ ಎಲ್ಲರೂ ಕನ್ನಡದಲ್ಲಿ ಮಾತಾಡುತ್ತಾರೆ. ಒಂದೆರಡು ಮಾತು ಬಿಟ್ಟು. ಅವನ್ನು ಬದಲಾಯಿಸಲು ನನಗೆ ಧೈರ್ಯ ಬರಲಿಲ್ಲ.

ದೇರೆಬೈಲಿನ ನಮ್ಮ ಮನೆಯಲ್ಲಿರುವ ಲ್ಯಾಪ್‌ಟಾಪ್ ಮೊದಲು ಅನ್ವಿಯದ್ದು. ಹಳತಾಗಿ ನಿಧಾನವಾದಾಗ ಅವಳು ಅದರ ಹೊಟ್ಟೆಯೊಳಗಿದ್ದದ್ದನ್ನೆಲ್ಲ ತೆಗೆದು, ಪೆಂಗ್ವಿನ್ ಹಕ್ಕಿಯ ಗುರುತಿರುವ ಲಿನಕ್ಸ್ ಎಂಬುದನ್ನು ಹಾಕಿ ನನಗೆ ಕೊಟ್ಟಳು. ‘ಅಜ್ಜಿ, ಇದು ಯಾವ ಕಂಪೆನಿಯ ಸ್ವತ್ತೂ ಅಲ್ಲ. ಯಾರು ಬೇಕಾದರೂ ಒಳಗೆ ಏನುಂಟು ಅಂತ ನೋಡ್ಬಹುದು, ಸರಿ ಮಾಡ್ಬಹುದು’ ಎಂದಳು. ಹಾಗಾದರೆ ಊರ ಬಾವಿಯ ಹಾಗೆ ಎಂದುಕೊಂಡೆ. ಊರ ಬಾವಿಯ ಇನ್ನೊಂದು ಗುಣ ಅವಳಿಗೆ ಗೊತ್ತಿಲ್ಲ. ಯಾರು ಬೇಕಾದರೂ ಬಗ್ಗಿ ನೋಡಬಹುದು, ನಿಜ. ಆದರೆ ಮುಸ್ಸಂಜೆ ಹೊತ್ತಿನಲ್ಲಿ ಯಾರೂ ಬಗ್ಗುವುದಿಲ್ಲ.

ಆ ಲ್ಯಾಪ್‌ಟಾಪಿನಲ್ಲಿ ನನಗೆ ಬೇಕಾದದ್ದು ಒಂದೇ ವಸ್ತು: ನಿಮ್ಮ ಅಜ್ಜನ ವಿಡಿಯೊ. ಅವರು ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಯಂತ್ರಗಳ ಗದ್ದಲದಲ್ಲಿ ಕೂಗಿ ಕೂಗಿ, ಮನೆಯಲ್ಲೂ ಅದೇ ಸ್ವರ. ‘ಉಪ್ಪು ಕಮ್ಮಿ’ ಎಂದರೆ ನಾಲ್ಕು ಮನೆಯವರು ತಮ್ಮ ಸಾರಿನ ರುಚಿ ನೋಡಿಕೊಳ್ಳುತ್ತಿದ್ದರು. ನಮ್ಮ ಕಾಲದಲ್ಲಿ ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಹೇಳುವ ಕ್ರಮ ಇರಲಿಲ್ಲ. ಅವರು ನನ್ನನ್ನು ಕರೆಯುತ್ತಿದ್ದದ್ದು ‘ಕೇಣುಂಡಾ?’ ಎಂದು. ತುಳುವಿನಲ್ಲಿ ಹಾಗೆಂದರೆ ‘ಕೇಳಿಸ್ತದಾ?’ ಅಷ್ಟೆ. ಆದರೆ ಮದುವೆಯಾದಂದಿನಿಂದ ಅದೇ ನನ್ನ ಹೆಸರು. ಬಸ್ಸಿನಲ್ಲಿ ಬೇರೆ ಯಾರಾದರೂ ಫೋನಿನಲ್ಲಿ ಹಾಗೆಂದರೂ ನಾನು ತಿರುಗಿ ನೋಡುತ್ತಿದ್ದೆ. ಅವರು ಫೋಟೋಗಳಲ್ಲಿ ಬೇಕಾದಷ್ಟು ಇದ್ದಾರೆ. ಸ್ವರ ಉಳಿದಿರುವುದು ಅನ್ವಿ ತೆಗೆದ ಆ ಒಂದು ವಿಡಿಯೊದಲ್ಲಿ ಮಾತ್ರ. ನಿಹಾಲ ಹುಟ್ಟುವ ಮೊದಲೇ ಅಜ್ಜ ಹೋಗಿದ್ದರು. ಒಂದು ದಿನ ಅವನು ‘ಅಜ್ಜನ ಸ್ವರ ಹೇಗೆ ಉಂಟು?’ ಎಂದು ಕೇಳಿದ. ಸ್ವರವನ್ನು ಹೇಗೆ ವರ್ಣಿಸುವುದು? ಮಳೆಗಾಲದ ಆಟಿ ತಿಂಗಳಲ್ಲಿ ತೀರಿಹೋದವರಿಗೆ ಬಡಿಸುವ ದಿನ ಕೇಳಿಸುತ್ತೇನೆ ಎಂದು ಮಾತು ಕೊಟ್ಟೆ.

ಬಡಿಸುವ ಆ ದಿನವೇ ಲ್ಯಾಪ್‌ಟಾಪಿನ ಗಂಟಲು ಕಟ್ಟಿತು. ಅಜ್ಜ ಪರದೆಯ ಮೇಲೆ ಬೆತ್ತದ ಕುರ್ಚಿಯಲ್ಲಿ ಕೂತಿದ್ದಾರೆ, ತುಟಿ ಅಲ್ಲಾಡುತ್ತಿದೆ, ಸ್ವರ ಇಲ್ಲ. ಅವರು ಬಾಯಿ ತೆರೆದು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಸತ್ತವರು ಆಟಿಯಲ್ಲಿ ಬರುತ್ತಾರೆ, ಹೇಳಲು ಬೇಕಾದಷ್ಟು ಇರುತ್ತದೆ, ಆದರೆ ಸ್ವರ ಹೊರಡುವುದಿಲ್ಲ ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಹೊರಗೆ ಮಳೆ, ಮಧ್ಯಾಹ್ನಕ್ಕೇ ಮುಸ್ಸಂಜೆಯ ಕತ್ತಲೆ. ಆ ಸ್ವರ ಅಳಿಸಿಯೇ ಹೋಗಿದ್ದರೆ? ನನ್ನ ಮಗಳು ಶಶಿ ಅಡುಗೆಮನೆಯಿಂದ, ‘ಅಮ್ಮಾ, ಅದನ್ನು ಬಿಟ್ಟು ಎಲೆ ಒರೆಸಿ ಕೊಡಿ’ ಎಂದಳು. ನಾನು ಅನ್ವಿಗೆ ಫೋನು ಮಾಡಿದೆ.

‘ಹೆದರ್ಬೇಡಿ ಅಜ್ಜಿ. ಪರದೆಯಲ್ಲಿ ಆ ಕಪ್ಪು ಕಿಟಕಿ ತೆರೀರಿ. ನಾನು ಹೇಳಿದ್ದನ್ನು ಟೈಪ್ ಮಾಡಿ. ಸಿಂಕ್ ಯಾವುದು ಅಂತ ನೋಡ್ಬೇಕು.’

ನಾನು ಎದ್ದು ಹೋಗಿ ನೋಡಿ ಬಂದು, ‘ಸಿಂಕ್ ಖಾಲಿ ಉಂಟು ಮಗಾ. ಪಾತ್ರೆ ಎಲ್ಲ ತೊಳೆದಾಗಿದೆ’ ಎಂದೆ.

ಆ ಕಡೆ ಹಾಸ್ಟೆಲಿನ ಮೂರ್ನಾಲ್ಕು ಹುಡುಗಿಯರು ಒಟ್ಟಿಗೆ ನಕ್ಕರು. ಸದ್ದು ಕೊನೆಗೆ ಹೋಗಿ ಬೀಳುವ ಜಾಗಕ್ಕೆ ಇವರ ಭಾಷೆಯಲ್ಲಿ ಸಿಂಕ್ ಎನ್ನುತ್ತಾರಂತೆ. ಸದ್ದನ್ನು ಹರಿಸಿಕೊಂಡು ಹೋಗುವುದಕ್ಕೆ ಪೈಪ್‌ವೈರ್ ಎಂದು ಹೆಸರಂತೆ. ಸಿಂಕ್, ಪೈಪ್, ವೈರ್! ಪ್ಲಂಬರನ್ನು ಕರೆಯಬೇಕೋ ಎಲೆಕ್ಟ್ರಿಷಿಯನ್‌ನನ್ನೋ ಎಂದು ಕೇಳಿದೆ. ‘ನೀವೇ ಸಾಕು ಅಜ್ಜಿ’ ಎಂದಳು. ಪರದೆಯಲ್ಲಿ ಎಂತ ಬಂತು ಎಂದು ಕೇಳಿದಳು. ಒಂದೊಂದೇ ಅಕ್ಷರ ಓದಿದೆ: ಡಮ್ಮಿ ಔಟ್‌ಪುಟ್. ಯಂತ್ರಕ್ಕೆ ತನ್ನ ಬಾಯಿ ಎಲ್ಲಿದೆ ಎಂದು ಮರೆತುಹೋಗಿ, ಇಲ್ಲದ ಬಾಯಿಯಲ್ಲಿ ಮಾತಾಡುತ್ತಾ ಇದೆ ಎಂದು ಅದರ ಅರ್ಥ. ಈಗ ಪಾಸ್‌ವರ್ಡ್ ಹಾಕಿ ಎಂದಳು. ಹಾಕಿದರೆ ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡಲಿಲ್ಲ.

‘ಅನ್ವಿ, ಕೀಬೋರ್ಡೂ ಹೋಯ್ತು!’

‘ಇಲ್ಲ ಮಾರಾಯ್ತಿ ಅಜ್ಜಿ! ಕಾಣುವುದಿಲ್ಲ. ಆದ್ರೆ ಒಳಗೆ ಹೋಗ್ತಾ ಉಂಟು. ನಂಬಿಕೆಯಲ್ಲಿ ಒತ್ತಿ.’

ಅಷ್ಟರಲ್ಲಿ ಶಶಿ ಅಜ್ಜನ ಕೋಣೆಯಲ್ಲಿ ಎಲೆ ಹಾಕಿ ಕೋಳಿಸಾರು, ನೀರುದೋಸೆ, ಪತ್ರೊಡೆ ಬಡಿಸಿ ಬಂದು ಬಾಗಿಲು ಎಳೆದುಕೊಂಡಳು. ಬಡಿಸಿದ ಮೇಲೆ ಸ್ವಲ್ಪ ಹೊತ್ತು ನಾವೆಲ್ಲ ಹೊರಗೆ ನಿಲ್ಲಬೇಕು. ಬಂದವರು ಉಣ್ಣುವುದನ್ನು ನೋಡಬಾರದು. ಕಾಣುವುದಿಲ್ಲ, ಆದರೆ ಒಳಗೆ ಹೋಗುತ್ತದೆ. ಅನ್ವಿ ಯಾವುದನ್ನು ಹೇಳಿದಳೋ! ಅಳಿಯ ಪ್ರಶಾಂತ್ ಕೈ ಕಟ್ಟಿಕೊಂಡು ಗೋಡೆಗೆ ಒರಗಿದ್ದರು. ಅವರಿಗೆ ಇಂಥದ್ದರಲ್ಲೆಲ್ಲ ನಂಬಿಕೆ ಇಲ್ಲ. ‘ಮಾಮಿ, ಮಾವನಿಗೆ ಸಾರು ಖಾರ ಆದ್ರೆ ಅವರೇ ಹೇಳ್ತಾರೆ’ ಎಂದು ನಕ್ಕರು. ಶಶಿ ಅವರನ್ನು ದುರುಗುಟ್ಟಿ ನೋಡಿದಳು. ನಾನು ಹಾಲ್‌ನಲ್ಲಿ ಕೂತು, ಅನ್ವಿ ಹೇಳಿದ ಹಾಗೆ ಪೈಪು ವೈರನ್ನೆಲ್ಲ ಮತ್ತೆ ಶುರು ಮಾಡಿದೆ.

ಮುಚ್ಚಿದ ಕೋಣೆಯೊಳಗೆ ಏನೋ ‘ಟೊಂಯ್’ ಎಂದಿತು.

‘ಎಂತ ಅದು?’ ಎಂದಳು ಶಶಿ. ‘ಬೆಕ್ಕು’ ಎಂದರು ಪ್ರಶಾಂತ್. ಬೆಕ್ಕು ಅವರ ಕಾಲಬುಡದಲ್ಲೇ ಕೂತಿತ್ತು.

‘ಈಗ ವಿಡಿಯೊ ಹಾಕಿ ಅಜ್ಜಿ’ ಎಂದಳು ಅನ್ವಿ. ಹಾಕಿದೆ. ಅಜ್ಜ ಪರದೆಯ ಮೇಲೆ ಬಂದರು, ಸ್ವರ ಇಲ್ಲ. ನಾನು ಬೇಸರದಿಂದ ಲ್ಯಾಪ್‌ಟಾಪಿನ ಮುಚ್ಚಳ ಅರ್ಧ ಮಡಚಿದ್ದೆ. ಆಗ ಕೋಣೆಯ ಒಳಗಿನಿಂದ ಅವರು ಕರೆದರು.

‘ಕೇಣುಂಡಾ?’

ಇಲ್ಲಿ ನಿಮಗೊಂದು ಕ್ರಮ ಹೇಳಬೇಕು. ಹೊತ್ತು ಕಂತಿದ ಮೇಲೆ ಹೊರಗಿನಿಂದ ಯಾರಾದರೂ ಕರೆದರೆ ಒಂದನೇ ಕರೆಗೆ ಓಗೊಡಬಾರದು, ಎರಡನೆಯದಕ್ಕೂ ಬೇಡ. ಬದುಕಿದವರಾದರೆ ಮೂರನೇ ಸಲ ಕರೆಯುತ್ತಾರೆ. ಕುಲೆ, ಅಂದರೆ ಸತ್ತವರ ಜೀವ, ಮೂರು ಸಲ ಕರೆಯುವುದಿಲ್ಲ. ಚಿಕ್ಕಂದಿನಲ್ಲಿ ಕಲಿತ ಈ ಪಾಠ ನನಗೆ ಮಗ್ಗಿಗಿಂತ ಚೆನ್ನಾಗಿ ನೆನಪಿದೆ. ಬಾಯಿ ಬಿಗಿಹಿಡಿದೆ. ಶಶಿಯ ಕೈಯ ಲೋಟ ನೆಲಕ್ಕೆ ಬಿತ್ತು. ನಂಬಿಕೆ ಇಲ್ಲದ ಅಳಿಯನ ಕೈಗಳು ತಾವಾಗಿಯೇ ಜೋಡಿಕೊಂಡವು.

‘ಕೇಣುಂಡಾ?’

ಅದೇ ಸ್ವರ, ಹಂಚಿನ ಕಾರ್ಖಾನೆಯ ಸ್ವರ, ಬಾಗಿಲ ಸಂದಿನಿಂದ. ಪ್ರಾಣ ಹೋದರೂ ಸರಿ, ಹೌದು ಎಂದುಬಿಡೋಣ ಎಂದು ನಾಲಿಗೆಯ ತುದಿಗೆ ಬಂತು. ಮೂರನೇ ಸಲ ಕರೆಯಲಿ ದೇವರೇ ಎಂದು ಬೇಡಿಕೊಂಡೆನೋ, ಕರೆಯದಿರಲಿ ಎಂದು ಬೇಡಿಕೊಂಡೆನೋ, ಈಗ ಹೇಳಲಾರೆ.

‘ಕೇಣುಂಡಾ?’

ಕರೆದರು! ಬದುಕಿದವರ ಹಾಗೆ ಮೂರನೇ ಸಲ ಕರೆದರು. ಬಾಯಿ ತೆರೆದೆ. ಸ್ವರ ಬರಲಿಲ್ಲ. ಆದರೆ ಕೋಣೆಯ ಒಳಗಿನಿಂದ ಒಬ್ಬ ಹೆಂಗಸು, ‘ಕೇಣುಂಡು, ಕೇಣುಂಡು! ದಾನೆ?’ ಎಂದಳು. ಕೇಳಿಸ್ತದೆ, ಕೇಳಿಸ್ತದೆ, ಎಂತ?

ಆ ಹೆಂಗಸು ನಾನೇ. ನಾನು ಹೊರಗೆ ಬಾಯಿ ತೆರೆದು ನಿಂತಿದ್ದೇನೆ, ಒಳಗಿನಿಂದ ನಾನೇ ಓಗೊಟ್ಟಿದ್ದೇನೆ. ಹಾಗಾದರೆ ಸತ್ತವರು ಯಾರು ಎಂದು ಒಂದು ಕ್ಷಣ ನನ್ನ ಕೈಯನ್ನೇ ಚಿವುಟಿ ನೋಡಿಕೊಂಡೆ. ಒಳಗೆ ಅವರು ನಕ್ಕು ಹೇಳಿದರು: ‘ಎಂತ ಇಲ್ಲ. ನೀನು ಇದ್ದೀಯಾ ಅಂತ ನೋಡಿದ್ದು.’

ಯಾರಿಗೂ ಬಾಗಿಲು ತೆರೆಯುವ ಧೈರ್ಯ ಬರಲಿಲ್ಲ. ಧೈರ್ಯ ಎಂದರೇನೆಂದು ತಿಳಿಯದ ನಿಹಾಲ ಹೋಗಿ ತೆರೆದ. ಎಲೆ ಇಟ್ಟ ಹಾಗೇ ಇತ್ತು, ಸಾರಿನಿಂದ ಸಣ್ಣಗೆ ಹಬೆ ಏಳುತ್ತಿತ್ತು. ಅವನು ಅತ್ತಿತ್ತ ಕಿವಿಯಿಟ್ಟು, ನೇರವಾಗಿ ಅಜ್ಜನ ಬಟ್ಟೆಯ ಕಪಾಟಿನ ಬಾಗಿಲು ಎಳೆದ. ಅವರು ಉಡುತ್ತಿದ್ದ ಬಿಳಿ ಮುಂಡುಗಳ ನಡುವೆ ಬ್ಲೂಟೂತ್ ಸ್ಪೀಕರ್ ನೀಲಿ ಕಣ್ಣು ಮಿಟುಕಿಸುತ್ತಿತ್ತು. ಪ್ರಶಾಂತ್ ಬೆಳಗ್ಗೆ ಲ್ಯಾಪ್‌ಟಾಪಿನಿಂದ ಅದರಲ್ಲಿ ಭಜನೆ ಹಾಕಿ, ಎಲೆ ಹಾಕುವಾಗ ಅಡ್ಡ ಬರುತ್ತದೆಂದು ಆರಿಸದೆಯೇ ಕಪಾಟಿಗೆ ತುರುಕಿದ್ದರಂತೆ. ಬಾಯಿ ಮರೆತಿದ್ದ ಯಂತ್ರ, ಮತ್ತೆ ಶುರು ಮಾಡಿದ ಕೂಡಲೇ ಸಿಕ್ಕಿದ ಬಾಯಿಗೆ ‘ಟೊಂಯ್’ ಎಂದು ಅಂಟಿಕೊಂಡಿತ್ತು. ‘ನಾನು ಆಗಲೇ ಅಂದ್ಕೊಂಡೆ’ ಎಂದರು ಅಳಿಯ, ಜೋಡಿಸಿದ ಕೈ ಇನ್ನೂ ಬಿಡಿಸದೆ. ‘ಎಂತ ಅಂದ್ಕೊಂಡದ್ದು? ಬೆಕ್ಕು ಅಂತಲಾ?’ ಎಂದಳು ಶಶಿ. ನಿಹಾಲ ಮಾತ್ರ ಸ್ಪೀಕರನ್ನು ಎತ್ತಿಕೊಂಡು ಕಿವಿಗೆ ಹಿಡಿದು, ‘ಅಜ್ಜನ ಸ್ವರ ದೊಡ್ಡದುಂಟು. ಅಜ್ಜಿಯದ್ದೂ ಉಂಟು’ ಎಂದ. ವಿಡಿಯೊ ತೆಗೆಯುವಾಗ ನಾಚಿ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದ ನನ್ನ ಸ್ವರ ಅದರಲ್ಲಿ ಸಿಕ್ಕಿಬಿದ್ದಿದೆ ಎಂಬುದನ್ನು ನಾನು ಮರೆತೇಬಿಟ್ಟಿದ್ದೆ. ಆ ಸ್ವರ ಎಷ್ಟು ಜೋರಾಗಿತ್ತು ಎಂಬುದನ್ನೂ.

ಫೋನಿನಲ್ಲಿ ಅನ್ವಿ, ‘ಅಜ್ಜಿ, ಸೆಟ್ಟಿಂಗ್ಸಿನಲ್ಲಿ ಲ್ಯಾಪ್‌ಟಾಪಿನದ್ದೇ ಸ್ಪೀಕರ್ ಈಗ ಕಾಣ್ತದೆ, ಅದನ್ನು ಒತ್ತಿ, ಸರಿ ಆಗ್ತದೆ’ ಎಂದು ಹೇಳಿಕೊಟ್ಟಳು. ಅವಳು ಈಗಲೂ ವಾರಕ್ಕೊಮ್ಮೆ ‘ಸರಿ ಆಯ್ತಾ?’ ಎಂದು ಕೇಳುತ್ತಾಳೆ. ಇನ್ನೂ ಇಲ್ಲ ಮಗಾ, ನನಗೆ ಇಂಗ್ಲಿಷ್ ಅಷ್ಟು ಬರುವುದಿಲ್ಲವಲ್ಲ ಎನ್ನುತ್ತೇನೆ. ಒತ್ತಬೇಕಾದ ಜಾಗ ನನಗೆ ಚೆನ್ನಾಗಿ ಗೊತ್ತು. ಸ್ಪೀಕರನ್ನು ಮುಂಡುಗಳ ನಡುವೆಯೇ ಇಟ್ಟು, ಚಾರ್ಜ್ ಮಾಡಿ, ಮನೆಯಲ್ಲಿ ಯಾರೂ ಇಲ್ಲದಾಗ ಕೋಣೆಯ ಬಾಗಿಲು ಎಳೆದುಕೊಂಡು, ಹೊರಗೆ ಕೂತು ವಿಡಿಯೊ ಹಾಕುತ್ತೇನೆ. ಕ್ರಮ ಮಾತ್ರ ಒಂದು ಬದಲಾಯಿಸಿದ್ದೇನೆ. ಎರಡನೇ ಕರೆಗೇ ಓಗೊಟ್ಟುಬಿಡುತ್ತೇನೆ. ಮೂರನೆಯದಕ್ಕೆ ಕಾದರೆ ಕಪಾಟಿನೊಳಗಿರುವ ಆ ಹೆಂಗಸು ನನಗಿಂತ ಮೊದಲು ಬಾಯಿ ಹಾಕುತ್ತಾಳೆ.