ಇಪ್ಪತ್ತು ಮುಖದ ದಾಳ

ಪುಟ್ಟಗಂಗಮ್ಮನವರಿಗೂ ಆ ಕಂಪ್ಯೂಟರ್ ಆಟಕ್ಕೂ ಮೊದಲ ಭೇಟಿಯಾದದ್ದು ಅವರೆಕಾಯಿ ಕಾಲದ ಒಂದು ಭಾನುವಾರ, ಎರಡು ಸಾವಿರದ ಏಳನೇ ಇಸವಿಯಲ್ಲಿ. ಮರಳೂರಿನ ಮನೆಯಲ್ಲಿ ಪಾತ್ರೆ ತುಂಬ ನೆನೆದ ಅವರೆಕಾಳನ್ನು ಮುಂದಿಟ್ಟುಕೊಂಡು ಹಿತಕಲು ಕೂತಿದ್ದರು. ಹಿತಕಿದ ಬೇಳೆ ಪುಳಕ್ಕನೆ ಹಾರಿ ಪಾತ್ರೆಗೇ ಬೀಳಬೇಕು, ಒಂದೂ ನೆಲಕ್ಕೆ ಬೀಳಬಾರದು ಎಂಬುದು ಅವರ ವ್ರತ. ಅಷ್ಟರಲ್ಲಿ ಹಾಲಿನಿಂದ ಕೂಗು ಕೇಳಿತು.

"ಕೊಂದಾಕು! ಬೆನ್ನಿಗೆ ಇಕ್ಕು! ಬುಡಬೇಡ!"

ಬೇಳೆ ನೆಲಕ್ಕೆ ಬಿತ್ತು. ಪುಟ್ಟಗಂಗಮ್ಮನವರು ಮಂಡಿಗೆ ಕೈ ಕೊಟ್ಟು ಎದ್ದು, ಬಾಗಿಲ ಅಗುಳಿಗೆ ಸಿಕ್ಕಿಸಿದ್ದ ಪೊರಕೆಯನ್ನು ಕೈಗೆತ್ತಿಕೊಂಡೇ ಹಾಲಿಗೆ ಬಂದರು. ಅಲ್ಲಿ ಕೊಲೆಯೂ ಇಲ್ಲ, ಕಳ್ಳನೂ ಇಲ್ಲ. ಇಂಜಿನಿಯರಿಂಗ್ ಓದುವ ಮೊಮ್ಮಗಳು ಯಶಸ್ವಿನಿ ಕಂಪ್ಯೂಟರ್ ಮುಂದೆ ಕೂತಿದ್ದಳು. ಪಕ್ಕದಲ್ಲಿ ಅವಳ ಸಹಪಾಠಿ, ಗುಬ್ಬಿಯಿಂದ ಬೆಳಗಿನ ಬಸ್ಸಿಗೆ ಬಂದ ಕಾಂತೇಶ, ಇವರ ಮನೆಯ ಕೋಡುಬಳೆಯನ್ನು ಇವರ ಮನೆಯ ಡಬ್ಬಿಯಿಂದಲೇ ತಿನ್ನುತ್ತಿದ್ದ.

"ಯಾರನ್ಲಾ ಕೊಲ್ತಾ ಇದೀರಿ?"

"ರಾಕ್ಷಸನ್ನ ಅಜ್ಜಿ. ಕಥೆ ಆಟ ಇದು," ಎಂದಳು ಯಶಸ್ವಿನಿ. "ನಾನು ಕಥೆ ನಡೆಸ್ತೀನಿ. ಇವ್ರೆಲ್ಲ ಕಥೆಯೊಳಗೆ ಒಂದೊಂದು ಆಳು. ಹೊಡೆದಾಟ ಬಂದ್ರೆ ಇಪ್ಪತ್ತು ಮುಖದ ದಾಳ ಹಾಕ್ಬೇಕು, ದೊಡ್ಡ ಅಂಕಿ ಬಿದ್ರೆ ಏಟು. ಮ್ಯಾಪು, ಆಳು, ದಾಳ ಎಲ್ಲಾ ಈ ಸಾಫ್ಟ್‌ವೇರ್ ಒಳಗೇ ಇದಾವೆ."

"ಇವ್ರೆಲ್ಲ ಅಂದ್ರೆ? ಇಲ್ಲಿರೋನು ಇವನೊಬ್ಬ."

"ಇನ್ನೊಬ್ಬ ಲಕ್ಷ್ಮೀಕಾಂತ್ ಅಂತ. ಕುಣಿಗಲ್‌ನಲ್ಲಿ ಸೈಬರ್ ಸೆಂಟರ್‌ನಲ್ಲಿ ಕೂತವ್ನೆ. ಅಗೋ, ಆ ಹಸಿರು ಗುಂಡು ಅವನೇ."

ಪುಟ್ಟಗಂಗಮ್ಮನವರು ಹಸಿರು ಗುಂಡನ್ನು ದಿಟ್ಟಿಸಿದರು. ಅದು ಅಲುಗಲಿಲ್ಲ.

"ಯಾಕೆ ಹಂಗೇ ನಿಂತವ್ನೆ?"

"ಕುಣಿಗಲ್‌ನಲ್ಲಿ ಕರೆಂಟ್ ಹೋಗಿರ್ಬೇಕು ಅಜ್ಜಿ."

ಬೇರೆ ಊರಿನ ಕರೆಂಟಿನ ಸಮಾಚಾರ ಮನೆಯಲ್ಲೇ ಕೂತು ತಿಳಿಯುವ ಈ ಯಂತ್ರದ ಮೇಲೆ ಅವರಿಗೆ ಅಲ್ಲಿಯೇ ಗೌರವ ಹುಟ್ಟಿತು. ಅವರೆಕಾಳಿನ ಪಾತ್ರೆ ಹಾಲಿಗೆ ಸ್ಥಳಾಂತರವಾಯಿತು. ಮೇಜಿನ ಕೆಳಗೆ, ಕರೆಂಟ್ ಹೋದರೂ ಕಂಪ್ಯೂಟರ್ ಆರದಂತೆ ಕಾಯುವ ಯುಪಿಎಸ್ ಎಂಬ ಇನ್ನೊಂದು ಪೆಟ್ಟಿಗೆ ಸದಾ ಬೆಚ್ಚಗಿರುತ್ತಿತ್ತು. ಪುಟ್ಟಗಂಗಮ್ಮನವರು ಚಳಿಗೆ ಸೆಟೆದ ಪಾದಗಳನ್ನು ಅದರ ಮೇಲಿಟ್ಟರು. ಮಂಡಿಗೆ ಹಾಯೆನಿಸಿತು. (ಹರಳೆಣ್ಣೆ ತಿಕ್ಕಿ ಸೋತ ಮಂಡಿಗೆ ವಿದ್ಯುಚ್ಛಕ್ತಿ ಇಲಾಖೆಯೇ ಉಪಚಾರ ಮಾಡಿದಂತೆ.)

ಎಡವಟ್ಟು ಶುರುವಾದದ್ದು ಅದರ ಮುಂದಿನ ವಾರ. ಇಂಗ್ಲಿಷ್ ಅಕ್ಷರ ಅವರಿಗೆ ಬಾರದು, ಕನ್ನಡವನ್ನೂ ಕೂಡಿಸಿ ಕೂಡಿಸಿ ಓದುವರು. ಆದರೆ ಬಸ್ಸಿನ ಬೋರ್ಡು, ಫೋನಿನ ಗುಂಡಿ, ಗೋಡೆಯ ಕ್ಯಾಲೆಂಡರ್ ನೋಡಿ ನೋಡಿ ಇಂಗ್ಲಿಷ್ ಅಂಕಿಗಳು ಮಾತ್ರ ಅಂಗೈ ಗೆರೆಯಷ್ಟೇ ಪರಿಚಯ. ರಾಕ್ಷಸನ ಪರವಾಗಿ ಯಶಸ್ವಿನಿ ದಾಳ ಒತ್ತಿದಳು. ಕಾಂತೇಶನಿಗೆ ಕಾಣದಂತೆ ಅವಳು ಅಂಗೈ ಅಡ್ಡ ಹಿಡಿದಿದ್ದ ಮೂಲೆಯ ಚೌಕದಲ್ಲಿ ಹತ್ತೊಂಬತ್ತು ಬಿತ್ತು. ಅವಳು ಕಾಂತೇಶನ ಕಡೆ ತಿರುಗಿ ಗಂಭೀರವಾಗಿ ಹೇಳಿದಳು:

"ನಾಲ್ಕು. ಏಟು ತಪ್ಪಿತು."

"ಯಶೂ," ಎಂದರು ಪುಟ್ಟಗಂಗಮ್ಮನವರು, ಕಾಳಿನ ಮೇಲಿನ ಕಣ್ಣು ತೆಗೆಯದೆ. "ಅಲ್ಲಿ ಹತ್ತೊಂಬತ್ತು ಐತೆ."

ಹಾಲಿನಲ್ಲಿ ಕೋಡುಬಳೆ ಅಗಿಯುವ ಸದ್ದು ನಿಂತಿತು.

"ಅಜ್ಜಿ, ಹತ್ತೊಂಬತ್ತು ಅಂದ್ರೆ ಇವನು ಸಾಯ್ತಾನೆ. ಕಥೆ ಕೆಡುತ್ತೆ. ಅದಕ್ಕೇ ಕಥೆ ನಡೆಸೋರು ದಾಳ ಮುಚ್ಚಿಟ್ಟು ಆಡ್ತಾರೆ."

"ಮುಚ್ಚಿಟ್ಟು ಆಡೋಕೆ ಅದೇನು ದಾಳವೋ ಬಸುರಿ ಬಯಕೆಯೋ? ನಾವು ಹುಲಿಯೂರುದುರ್ಗದಲ್ಲಿ ಚೌಕಾಬಾರ ಆಡುವಾಗ ಕವಡೆ ಬಿದ್ದ ಮೇಲೆ ಎಲ್ಲಾರೂ ನೋಡೋಗಂಟ ಯಾರೂ ಮುಟ್ಟಂಗಿರ್ಲಿಲ್ಲ. ಬಿದ್ದದ್ದು ಬಿದ್ದಂಗೆ."

"ಅಜ್ಜೀ," ಕಾಂತೇಶ ಗೋಗರೆದ, "ನಿಮ್ಮನೆ ಕೋಡ್ಬಳೆ ತಿಂದೋನ್ನ ನೀವೇ ಸಾಯಿಸ್ತೀರಾ?"

"ತಿಂದು ಸಾಯಿ ಕಣ್ಲಾ. ಹಸ್ಕೊಂಡು ಸತ್ತ ಅನ್ನಿಸ್ಕೋಬೇಡ."

ಕಾಂತೇಶನ ಆಳು, ಮೀಸೆ ಹೊತ್ತ ಒಬ್ಬ ಮಹಾಶೂರ, ಸತ್ತ. ತೆಗೆಯುವ ಮುನ್ನ ಸಾಫ್ಟ್‌ವೇರ್ ಒಂದು ಪುಟ್ಟ ಚೌಕ ಮೂಡಿಸಿ ಕೇಳಿತು: ಇವನನ್ನು ತೆಗೆದುಹಾಕಲೇ? ಕೆಳಗೆ ಎರಡು ಗುಂಡಿ. ಯಶಸ್ವಿನಿ ಹೇಳಿಕೊಟ್ಟಳು, ಮೂರು ಅಕ್ಷರದ್ದು ಯೆಸ್, ಎರಡು ಅಕ್ಷರದ್ದು ನೋ. ಪುಟ್ಟಗಂಗಮ್ಮನವರು ಮೌಸ್ ಹಿಡಿದು, ಮೂರು ಅಕ್ಷರದ್ದನ್ನು ಹುಡುಕಿ ಒತ್ತಿದರು. ಶೂರ ಮಾಯವಾದ.

ಆವತ್ತಿನಿಂದ ದಾಳ ಮುಚ್ಚಿಡುವ ಪದ್ಧತಿ ರದ್ದಾಯಿತು. ಬಿದ್ದ ಅಂಕಿಯನ್ನು ಕೂಗಿ ಹೇಳುವ ಅಧಿಕಾರ ಪುಟ್ಟಗಂಗಮ್ಮನವರದು. ಸಾಫ್ಟ್‌ವೇರ್ ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡುವುದೂ ಅವರೇ. ಅದು ಅವರಿಗೆ ಬಲು ಇಷ್ಟವಾದ ಕೆಲಸ. ಮನೆಯಲ್ಲಿ ಸಾರಿಗೆ ಬೇಳೆ ಹಾಕಲೋ ಸೊಪ್ಪು ಹಾಕಲೋ ಎಂದು ಅವರನ್ನು ಕೇಳುವುದು ನಿಂತು ಎಷ್ಟೋ ಕಾಲವಾಗಿತ್ತು. ಈ ಯಂತ್ರ ಮಾತ್ರ ಕೇಳದೆ ಒಂದು ಹೆಜ್ಜೆ ಇಡದು. ಆಟ ಉಳಿಸಲೇ? ಮುಚ್ಚಲೇ? ನಿಜವಾಗಿಯೂ ಮುಚ್ಚಲೇ? "ಎಷ್ಟು ಮರ್ಯಾದೆ ನೋಡಮ್ಮ ಇದಕ್ಕೆ!" ಎಂದು ಪಕ್ಕದ ಮನೆಯ ಚೆನ್ನಮ್ಮನವರ ಮುಂದೆ ಕೊಂಡಾಡಿದರು. ಅಷ್ಟಕ್ಕೇ ಬಿಡದೆ, "ಈಗ ನಾನೂ ಇಂಗ್ಲಿಷ್ ಓದ್ತೀನಿ ಕಣೇ," ಎಂದೂ ಸೇರಿಸಿದರು. (ಎರಡೇ ಪದ ಎಂಬುದನ್ನು ಸೇರಿಸಲಿಲ್ಲ.)

ಅವರೆಕಾಯಿ ಕಾಲ ಮುಗಿಯಿತು. ಹಾಲಿನಲ್ಲಿ ಕೂರಲು ನೆಪವಿಲ್ಲದೆ ಅಜ್ಜಿ ಬಾಗಿಲಲ್ಲಿ ಸುಳಿದಾಡುವುದನ್ನು ಕಂಡು ಯಶಸ್ವಿನಿ ಕೇಳಿದಳು, "ನಿಂಗೂ ಒಂದು ಆಳು ಮಾಡ್ಲಾ? ಹೆಂಗಿರ್ಬೇಕು ಹೇಳು. ಕತ್ತಿನಾ, ಬಿಲ್ಲಾ, ಮಂತ್ರಾನಾ?"

ಪುಟ್ಟಗಂಗಮ್ಮನವರು ಬಹಳ ಯೋಚಿಸಿ ಹೇಳಿದರು, "ಮಂಡಿ ನೋವು ಇರಬಾರ್ದು."

ಹಾಗೆ ಹುಟ್ಟಿದವಳು ಚಿಕ್ಕಮಾರಮ್ಮ. ಕೆಂಪು ಗುಂಡು, ಹರೆಯದ ಹುಡುಗಿ, ಗಟ್ಟಿ ಮಂಡಿ. ಅಜ್ಜಿಗಾಗಿ ಯಶಸ್ವಿನಿ ಹುಲಿಯೂರುದುರ್ಗದ ಬೆಟ್ಟವನ್ನೇ ಹೋಲುವ ಒಂದು ಬೆಟ್ಟವನ್ನು ಮ್ಯಾಪಿನಲ್ಲಿ ಬಿಡಿಸಿದಳು. ಹುಡುಗಿಯಾಗಿದ್ದಾಗ ದನ ಹುಡುಕುವ ನೆಪದಲ್ಲಿ ಪುಟ್ಟಗಂಗಮ್ಮನವರು ಓಡಿ ಹತ್ತುತ್ತಿದ್ದ ಬೆಟ್ಟ ಅದು. ಮದುವೆಯಾದ ಮೇಲೆ ಹತ್ತಲು ಪುರುಸೊತ್ತಿರಲಿಲ್ಲ, ಪುರುಸೊತ್ತು ಬಂದಾಗ ಮಂಡಿ ಇರಲಿಲ್ಲ. ಮ್ಯಾಪೆಲ್ಲ ಕಪ್ಪು. ಕೆಂಪು ಗುಂಡು ಹೋದಷ್ಟೇ ದೂರ ಬೆಳಕಾಗುತ್ತದೆ. ಭಾನುವಾರ ಭಾನುವಾರ ಒಂದು ಪೊದೆ, ಒಂದು ಬಂಡೆ, ಒಂದು ನೀರಿನ ದೊಣೆ ಕಪ್ಪಿನಿಂದ ಹೊರಗೆ ಬರುತ್ತಿತ್ತು. ನೆತ್ತಿಯೊಂದು ಉಳಿದಿತ್ತು. ಅದನ್ನು ಕಾಣದೆ ಬಿಡಲಾರೆ ಎಂದು ಅವರು ಹಟ ಹಿಡಿದರು. ನೆತ್ತಿಯೇರುವ ದಿನ ಸಾಕ್ಷಿಗೆ ಇರಲಿ ಎಂದು ಚೆನ್ನಮ್ಮನವರನ್ನೂ ಕರೆದು ಕುರ್ಚಿ ಹಾಕಿದರು.

"ಕೊನೇ ಬಂಡೆ ಅಜ್ಜಿ," ಎಂದಳು ಯಶಸ್ವಿನಿ. ಆಟವನ್ನು ಆಗಷ್ಟೇ ಉಳಿಸಿಟ್ಟಿದ್ದಳು. "ಒಂದು ಬಿಟ್ಟು ಇನ್ನೇನ್ ಬಿದ್ರೂ ಹತ್ತಿದಂಗೆ. ಒಂದು ಬಿದ್ರೆ ಮಾತ್ರ ಪಾತಾಳ."

ಪುಟ್ಟಗಂಗಮ್ಮನವರು ಕವಡೆಗೆ ಊದುವಂತೆ ಮೌಸ್‌ಗೆ ಉಫ್ ಎಂದು ಊದಿ, ಹಣೆಗೆ ಒತ್ತಿಕೊಂಡು, ಗುಂಡಿ ಒತ್ತಿದರು. ಪರದೆಯ ಮೇಲೆ ದಾಳ ಉರುಳಿ ಉರುಳಿ ನಿಂತಿತು.

ಅಂಕಿಯನ್ನು ಕೂಗಿ ಹೇಳಬೇಕಾದವರು ಸೆರಗಿನಿಂದ ಮೌಸ್ ಒರೆಸತೊಡಗಿದರು.

"ಕೂಗಿ ಅಜ್ಜಿ!" ಎಂದ ಕಾಂತೇಶ. ಅವನ ಮುಖ ಜಾತ್ರೆ ದೀಪದ ಹಾಗೆ ಹೊಳೆಯುತ್ತಿತ್ತು. "ಒಂಟಿ ಗೀಟು. ಅದನ್ನ ಏನಂತಾರೆ?"

"ಇದು ಲೆಕ್ಕಕ್ಕಿಲ್ಲ. ಗೋಡೆಗೆ ತಾಗಿದ ಕವಡೆ ನಾವು ಮತ್ತೆ ಹಾಕ್ತಿದ್ವಿ."

"ಕಂಪ್ಯೂಟರ್ ಒಳಗೆ ಗೋಡೆ ಎಲ್ಲೈತೆ?"

"ಕೈಯಲ್ಲಿ ಎಣ್ಣೆ ಜಿಡ್ಡಿತ್ತು. ಜಾರಿತು."

ಕುಣಿಗಲ್‌ನಿಂದ ಲಕ್ಷ್ಮೀಕಾಂತ ಏನೋ ಟೈಪು ಮಾಡಿದ. ಯಶಸ್ವಿನಿ ಓದಿದಳು: "ಬಿದ್ದದ್ದು ಬಿದ್ದಂಗೆ, ಅಂತವ್ನೆ ಅಜ್ಜಿ."

(ಸರಿಯಾಗಿ ಆ ಹೊತ್ತಿಗೆ ಕುಣಿಗಲ್‌ನಲ್ಲಿ ಕರೆಂಟ್ ಇರಬೇಕೇ!)

ಪುಟ್ಟ ಚೌಕ ಮೂಡಿತು. ಚಿಕ್ಕಮಾರಮ್ಮನನ್ನು ತೆಗೆದುಹಾಕಲೇ?

"ಅಜ್ಜಿನೇ ಒತ್ತಬೇಕು," ಎಂದ ಕಾಂತೇಶ. "ನನ್ನ ಆಳನ್ನೂ ಅವ್ರೇ ಒತ್ತಿದ್ದು."

"ಏನು ಬರೆದೈತೆ ಅದ್ರಾಗೆ? ಓದು ಗಂಗಮ್ಮ," ಎಂದರು ಚೆನ್ನಮ್ಮನವರು, ಕುರ್ಚಿ ಮುಂದಕ್ಕೆಳೆದುಕೊಂಡು. "ನಿಂಗೆ ಇಂಗ್ಲಿಷ್ ಬರ್ತದಲ್ಲ."

"ನಂಗೆಲ್ಲಮ್ಮ ಬರ್ತದೆ ಇಂಗ್ಲಿಷ್ಷು? ಕನ್ನಡಕ ಬೇರೆ ಕಾಣ್ತಿಲ್ಲ."

"ಮೂಗಿನ ಮೇಲೈತೆ."

ಪುಟ್ಟಗಂಗಮ್ಮನವರು ಸುತ್ತ ನೋಡಿದರು. ಎಲ್ಲರ ಕಣ್ಣೂ ಅವರ ಕೈಯ ಮೇಲೆ. ಕಾಲಿನ ಮೇಲೆ ಯಾರ ಕಣ್ಣೂ ಇರಲಿಲ್ಲ. ಮೇಜಿನ ಕೆಳಗೆ, ಬೆಚ್ಚಗಿನ ಆ ಪೆಟ್ಟಿಗೆಯ ಮೇಲೆ, ಹೆಬ್ಬೆರಳಿಗೆ ಬಹಳ ದಿನದಿಂದ ಪರಿಚಯವಾಗಿದ್ದ ಒಂದು ಗುಂಡಿ ಇತ್ತು.

ಟಕ್. ಪರದೆ ಕಪ್ಪಾಯಿತು.

"ಅಯ್ಯೋ ಶಿವನೇ!" ಎಂದರು ಪುಟ್ಟಗಂಗಮ್ಮನವರು, ಧ್ವನಿಯಲ್ಲಿ ಸಕಲ ವಿಷಾದವನ್ನೂ ತುಂಬಿಕೊಂಡು. "ಹಾಳು ಕರೆಂಟು! ಈಗಲೇ ಹೋಗ್ಬೇಕಿತ್ತಾ?"

ಒಬ್ಬೊಬ್ಬರಾಗಿ ಎಲ್ಲರೂ ತಲೆಯೆತ್ತಿದರು. ಮೇಲೆ ಫ್ಯಾನು ತನ್ನ ಪಾಡಿಗೆ ತಾನು ಗಿರಗಿರನೆ ತಿರುಗುತ್ತಿತ್ತು. ಅಡುಗೆಮನೆಯಲ್ಲಿ ಸೊಸೆಯ ಮಿಕ್ಸಿ ಕೂಡ ಗರ್ಜಿಸುತ್ತಿತ್ತು.

ಯಶಸ್ವಿನಿ ತುಟಿ ಕಚ್ಚಿಕೊಂಡು ಮೇಜಿನ ಕೆಳಗೆ ಬಗ್ಗಿ, ಅಜ್ಜಿಯ ಪಾದವನ್ನು ಮೆಲ್ಲಗೆ ಸರಿಸಿ, ಗುಂಡಿ ಒತ್ತಿದಳು. ಕಂಪ್ಯೂಟರ್ ನಿಧಾನವಾಗಿ ಎದ್ದಿತು. ಸಾಫ್ಟ್‌ವೇರ್ ತೆರೆದುಕೊಂಡಿತು. ತೆರೆದದ್ದೇ ತಡ, ಚೌಕ.

"ಏನಂತೆ?" ಎಂದರು ಚೆನ್ನಮ್ಮನವರು.

"'ಹೋದ ಸಲ ನನ್ನನ್ನು ಸರಿಯಾಗಿ ಮುಚ್ಚಲಿಲ್ಲ' ಅಂತ ದೂರು ಹೇಳ್ತಾ ಐತೆ," ಎಂದಳು ಯಶಸ್ವಿನಿ.

"ಯಾರಂತೆ ಮುಚ್ಚದೇ ಇದ್ದೋರು?" ಎಂದ ಕಾಂತೇಶ.

ಪುಟ್ಟಗಂಗಮ್ಮನವರು ಪಾದಗಳೆರಡನ್ನೂ ಸೀರೆಯೊಳಗೆ ಎಳೆದುಕೊಂಡರು. ಇಷ್ಟು ಮರ್ಯಾದಸ್ಥ ಯಂತ್ರ ಹೀಗೆ ಚಾಡಿ ಹೇಳುತ್ತದೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

"ಕೆಳಗೆ ಇನ್ನೊಂದು ಸಾಲೈತೆ," ಎಂದಳು ಮೊಮ್ಮಗಳು. "ಅದು ನಿನ್ನನ್ನೇ ಕೇಳ್ತಾ ಐತೆ ಅಜ್ಜಿ."

"ಅಜ್ಜಿ ಯೆಸ್ ಒತ್ತಿದ್ರೆ ನನ್ನ ಮೀಸೆಯೋನೂ ಎದ್ದು ಬರಬೇಕು," ಕಾಂತೇಶ ಕೋಡುಬಳೆ ಡಬ್ಬಿಯನ್ನು ಎದೆಗವಚಿಕೊಂಡು ಘೋಷಿಸಿದ. "ಇವತ್ತಿಂದ ಬಿದ್ದದ್ದು ಬಿದ್ದಂಗೆ ಅನ್ನೋ ಮಾತು ಈ ಮನೇಲಿ ಕೇಳಿಸಬಾರ್ದು."

ಪುಟ್ಟಗಂಗಮ್ಮನವರು ಕಾಂತೇಶನನ್ನು ನೋಡಿದರು, ಚೆನ್ನಮ್ಮನವರನ್ನು ನೋಡಿದರು, ತಿರುಗುವ ಫ್ಯಾನನ್ನೂ ಒಮ್ಮೆ ಕೆಕ್ಕರಿಸಿ ನೋಡಿದರು. ಆಮೇಲೆ ಕನ್ನಡಕವನ್ನು ಮೂಗಿನ ಮೇಲೆ ಸರಿಯಾಗಿ ಕೂರಿಸಿಕೊಂಡು, ಮೂರು ಅಕ್ಷರದ ಗುಂಡಿ ಯಾವ ಕಡೆಗಿದೆ ಎಂದು ಹುಡುಕತೊಡಗಿದರು. ಪರದೆಯ ಮೇಲೆ ಯಂತ್ರ, ಏನೂ ಅರಿಯದ ಸಾಧುವಿನ ಹಾಗೆ, ಅದೇ ಹಳೆಯ ವಿನಯದಿಂದ ಕೇಳುತ್ತಿತ್ತು: ಬೀಳುವುದಕ್ಕೆ ಮುಂಚೆ ಇದ್ದ ಜಾಗದಿಂದಲೇ ಮತ್ತೆ ಶುರುಮಾಡಲೇ?