ಉಳಿದ ಎರಡು ಮೆಟ್ಟಿಲು

ಸಿದ್ದಾರೂಢನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹದಿನೈದು ದಿನಗಳಿಂದ ಇದೇ ಪಾಡು. ಕುರ್ಚಿಯಿಂದ ಎದ್ದು ಗ್ಯಾಲರಿಗೆ ಹೋಗುತ್ತಿದ್ದ, ಗ್ಯಾಲರಿಯಿಂದ ಅಡಿಗೆಮನೆಗೆ ಬರುತ್ತಿದ್ದ, ಅಲ್ಲಿ ಹೆಂಡತಿ ರೇಣುವನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದು ನೋಡಿ, ನಿಟ್ಟುಸಿರು ಬಿಟ್ಟು ಮತ್ತೆ ಕುರ್ಚಿಗೆ ಮರಳುತ್ತಿದ್ದ. ಪುಣೆಯ ಶಿವಾಜಿನಗರದ ಆಫೀಸಿನಲ್ಲೂ ಅಷ್ಟೆ. ಫೈಲು ಬಿಚ್ಚಿದರೆ ಅದರೊಳಗೆ ಮೆಟ್ಟಿಲುಗಳೇ ಕಾಣುತ್ತಿದ್ದವು.

"ನನ್ನ ಹಂಗ್ಯಾಕ ನೋಡ್ತೀರಿ?" ರೇಣು ರೊಟ್ಟಿ ಬಡಿಯುತ್ತಲೇ ಕೇಳಿದಳು. "ಹೊಸಾ ಕಪಾಟು ತಂದವರು ಬಾಗಲದಾಗ ಹಿಡಸ್ತದೋ ಇಲ್ಲೋ ಅಂತ ನೋಡಿದಂಗ."

"ಏನಿಲ್ಲ, ಸುಮ್ಮನ" ಎಂದ ಸಿದ್ದಾರೂಢ. ಹೋಲಿಕೆ ಮಾತ್ರ ನೂರಕ್ಕೆ ನೂರು ಸರಿಯಾಗಿತ್ತು.

ಇದರ ಮೂಲ ಇಪ್ಪತ್ತನಾಲ್ಕು ವರ್ಷ ಹಿಂದಿನದು. ಅವರ ಮನೆದೇವರು ಜೇಜುರಿಯ ಖಂಡೋಬಾ, ಕನ್ನಡದವರ ಮೈಲಾರಲಿಂಗ. ಮದುವೆಯಾದ ಮೇಲೆ ಗಂಡು ತನ್ನ ಹೊಸ ಹೆಂಡತಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಗುಡಿಯ ಐದು ಮೆಟ್ಟಿಲಾದರೂ ಹತ್ತಬೇಕು, ಅದು ಪದ್ಧತಿ. ಎಂಬತ್ಮೂರನೆಯ ಇಸವಿಯಲ್ಲಿ ಐವತ್ತೆಂಟು ಕಿಲೋ ತೂಗುತ್ತಿದ್ದ ಸಿದ್ದಾರೂಢ ರೇಣುವನ್ನು ಎತ್ತಿಕೊಂಡು, ಹಲಗಿ ಬಾರಿಸುವವರ ಸಮಕ್ಷಮ, ಒಂದು ಹತ್ತಿದ, ಎರಡು ಹತ್ತಿದ, ಮೂರು ಹತ್ತಿದ. ನಾಲ್ಕನೆಯದಕ್ಕೆ ಕಾಲು ಎತ್ತುವಷ್ಟರಲ್ಲಿ ರೇಣು ನೆಲದ ಮೇಲಿದ್ದಳು. "ಚಪ್ಪಲಿ ಜಾರಿತು" ಎಂದ ಸಿದ್ದಾರೂಢ. (ಚಪ್ಪಲಿಗಳನ್ನೆಲ್ಲ ಕೆಳಗೆ ಕಾಯಿ ಅಂಗಡಿಯಲ್ಲಿ ಬಿಟ್ಟು ಬಂದಿದ್ದರು. ಅವನ ಬರಿಗಾಲನ್ನು ಎರಡೂ ಕಡೆಯ ಬೀಗರು ಕಣ್ಣಾರೆ ನೋಡಿದ್ದರು.)

ಅಂದಿನಿಂದ ಆ ಎರಡು ಮೆಟ್ಟಿಲು ಮನೆಯ ಕಾಯಂ ಸದಸ್ಯರಂತೆ ಅವರ ಜೊತೆಯಲ್ಲೇ ಉಳಿದವು. ಮಿಕ್ಸರ್ ಸುಟ್ಟರೂ ಎರಡು ಮೆಟ್ಟಿಲು, ಹಾಲು ಒಡೆದರೂ ಎರಡು ಮೆಟ್ಟಿಲು. ರೇಣು ಜಗಳಗಂಟಿಯಲ್ಲ. ಅಟ್ಟ ಸ್ವಚ್ಛ ಮಾಡಲು ಗಂಡ ಒಲ್ಲೆನೆಂದರೆ "ಹೋಗ್ಲಿ ಬಿಡ್ರಿ, ಎರಡು ಮೆಟ್ಟಲಾನಽ ಉಳದಾವ, ಅಟ್ಟಾ ಉಳದ್ರ ಏನಾತು" ಎಂದು ಬಹಳ ಮೆಲ್ಲಗೆ ಅನ್ನುತ್ತಿದ್ದಳು, ಅಷ್ಟೆ. ಮುಂದಿನ ಐದು ನಿಮಿಷದಲ್ಲಿ ಸಿದ್ದಾರೂಢ ತಲೆಗೆ ಪಂಚೆ ಸುತ್ತಿಕೊಂಡು ಅಟ್ಟದ ಮೇಲಿರುತ್ತಿದ್ದ. ಆದರೆ ಒಳಗೆ ಅವನಿಗೆ ನಿಜಕ್ಕೂ ನೋವಿತ್ತು. ನಂಬಿ ಕೈಗೆ ಬಂದ ಹುಡುಗಿಯನ್ನು ಮೊದಲ ವಾರದಲ್ಲೇ ಕೈಬಿಟ್ಟವನು ತಾನು ಎಂಬ ನೋವು.

ಹೀಗಿರುವಾಗ ಅವನ ತಾಯಿ ಕಾಶವ್ವ ಅಪ್ಪಣೆ ಹೊರಡಿಸಿದಳು. "ಲಗ್ನ ಆಗಿ ಇಪ್ಪತ್ತೈದರಾಗ ಬಿತ್ತು. ಬರೂ ತಿಂಗಳ ರವಿವಾರ ಜೇಜುರಿಗೆ ಹೋಗೂಣು. ಉಳದದ್ದು ಮುಗಸಿಬಿಡು."

"ಎರಡಽ ಅಲ್ಲ ಬೇ, ಮುಗಸ್ತೀನಿ" ಎಂದ ಸಿದ್ದಾರೂಢ ಧೈರ್ಯವಾಗಿ.

"ನಡುವ ಬಿಟ್ಟ ವ್ರತ ನಡುವಿನಿಂದ ಸುರು ಆಗೂದಿಲ್ಲೋ. ಒಂದರಿಂದ ಐದೂ ಹತ್ತಬೇಕು. ಇಂಡಿಗೆ ಫೋನ್ ಮಾಡೀನಿ, ಮುರುಗೆಪ್ಪನೂ ಬರ್ತಾನ."

ಮುರುಗೆಪ್ಪ ಇಂಡಿ ಊರಿನಲ್ಲಿದ್ದ ರೇಣುವಿನ ಅಣ್ಣ. ತನ್ನ ಹೆಂಡತಿಯನ್ನು ಐದಲ್ಲ, ಐವತ್ತು ಮೆಟ್ಟಿಲು ಎತ್ತಿಕೊಂಡು ಹತ್ತಿದವನು. (ಇದು ಮೊದಲ ಸಲ ಹೇಳಿದಾಗಿನ ಲೆಕ್ಕ. ಹೋದ ದೀಪಾವಳಿಗೆ ಅದು ಎಪ್ಪತ್ತಾಗಿತ್ತು.) ಆ ಮಹಾಪುರುಷನ ಎದುರಿಗೆ ಇನ್ನೊಮ್ಮೆ ಚಪ್ಪಲಿ ಜಾರಿದರೆ ಪುಣೆ ಬಿಟ್ಟು ಹೋಗುವುದೊಂದೇ ದಾರಿ ಎಂದು ಸಿದ್ದಾರೂಢನಿಗೆ ಅನ್ನಿಸಿತು.

ಗುಟ್ಟಾಗಿ ತಾಲೀಮು ಶುರುವಾಯಿತು. ತುಂಬಿದ ಗ್ಯಾಸ್ ಸಿಲಿಂಡರನ್ನು ತಬ್ಬಿಕೊಂಡು ಪಡಸಾಲೆಯಲ್ಲಿ ನಡೆಯಲು ನೋಡಿದ. ಎರಡು ಹೆಜ್ಜೆಗೆ ಸೊಂಟ ಹಿಡಿಯಿತು. ಒಳಗಿಂದ ಬಂದ ರೇಣು "ಅದನ್ಯಾಕ ತಿರುಗಾಡಸ್ಲಿಕತ್ತೀರಿ?" ಎಂದು ಒಂದೇ ಕೈಯಲ್ಲಿ ಅದನ್ನು ಕಸಿದುಕೊಂಡು ಒಲೆಯ ಕಡೆ ಒಯ್ದಳು.

ಆಗ ದಾರಿ ತೋರಿಸಿದವಳು ಮಗಳು ಮಾಧುರಿ. ಹಿಂಜವಾಡಿಯ ಅವಳ ಕಂಪನಿಯವರು ನೌಕರರ ಮನೆಯವರಿಗೆಂದು ಗೋಡೆ ಹತ್ತುವ ಜಿಮ್ಮಿನ ಪುಕ್ಕಟೆ ಪಾಸು ಕೊಟ್ಟಿದ್ದರು. ಗೋಡೆ ಹತ್ತುವವನಿಗೆ ಮೆಟ್ಟಿಲೊಂದು ಲೆಕ್ಕವೆ? ಸಿದ್ದಾರೂಢನ ಕಣ್ಣು ಹೊಳೆದವು. ಅಪ್ಪ ಮಗಳು ಇಬ್ಬರೇ ಹೋಗುವುದೆಂದು ಠರಾವಾಯಿತು. ಆದರೆ ರವಿವಾರ ಬೆಳಿಗ್ಗೆ ಬೂಟಿನ ದಾರ ಕಟ್ಟುವಷ್ಟರಲ್ಲಿ ರೇಣು ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ ಸಮೇತ ಬಾಗಿಲಲ್ಲಿ ನಿಂತಿದ್ದಳು.

"ನಮ್ಮನಿಯವರು ಗ್ವಾಡಿ ಹತ್ತೂದು ಜನ್ಮಕ್ಕೊಮ್ಮೆ. ನಾ ನೋಡಬಾರದೇನು?"

ಅದೊಂದು ಹಳೆಯ ಗೋದಾಮು. ಮೇಲೆ ತಗಡು, ಕೆಳಗೆ ಮೊಳದಪ್ಪದ ಗಾದಿ, ನಾಲ್ಕೂ ಕಡೆ ಗೋಡೆ. ಗೋಡೆಯ ತುಂಬ ಕೆಂಪು, ಹಳದಿ, ಹಸಿರು ಉಂಡೆಗಳನ್ನು ನಟ್ಟುಬೋಲ್ಟಿನಿಂದ ಬಿಗಿದಿದ್ದರು. ಅವನ್ನು ಹಿಡಿದು, ಅವುಗಳ ಮೇಲೆ ಕಾಲಿಟ್ಟು ಹತ್ತಬೇಕಂತೆ. ಹುಡುಗ ಹುಡುಗಿಯರು ಹಲ್ಲಿಗಳ ಹಾಗೆ ಅಂಟಿಕೊಂಡಿದ್ದರು. ಕಲಿಸುವವಳು ಮುಕ್ತಾ ಎಂಬ ಮರಾಠಿ ಹುಡುಗಿ, ಕಡ್ಡಿಯಂಥವಳು. ಬಂದವಳೇ ಸಿದ್ದಾರೂಢನ ಕೈಗೊಂದು ಫಾರ್ಮು ಕೊಟ್ಟಳು. ಹೆಸರು, ವಯಸ್ಸು, ತೂಕ.

ಹೆಸರು ಬರೆದ. ವಯಸ್ಸೂ ಬರೆದ. ತೂಕದ ಮನೆಯ ಎದುರು ಪೆನ್ನು ಸ್ವಲ್ಪ ಹೊತ್ತು ಅಲೆದಾಡಿ "58" ಎಂದು ಬರೆಯಿತು. ರೇಣು ಅವನ ಹೆಗಲ ಮೇಲಿಂದ ಓದಿದಳು, ಗಂಡನ ಹೊಟ್ಟೆಯನ್ನು ನೋಡಿದಳು.

ಬೂಟು ಎರಡು ನಂಬರು ಚಿಕ್ಕದು ಕೊಟ್ಟರು, ಹಾಗೇ ಇರಬೇಕಂತೆ. ಸೊಂಟಕ್ಕೂ ತೊಡೆಗಳಿಗೂ ಪಟ್ಟಿ ಬಿಗಿದರು. ಬಳಿಕ ಮುಕ್ತಾ ಒಂದು ಚೀಲ ಮುಂದೆ ಹಿಡಿದಳು. ಒಳಗೆ ನುಣ್ಣನೆಯ ಬಿಳಿ ಪುಡಿ. ಬೆವರಿದ ಕೈ ಜಾರದಿರಲೆಂದು ಅಂಗೈಗೆ ಹಚ್ಚಿಕೊಳ್ಳುವ ಪುಡಿ ಅದು. ಆದರೆ ಹುಟ್ಟಿದಾಗಿನಿಂದ ಯಾರಾದರೂ ಬಿಳಿ ಪುಡಿಯ ಚೀಲ ಮುಂದೆ ಹಿಡಿದರೆ ಸಿದ್ದಾರೂಢನ ಕೈ ಒಂದೇ ಕೆಲಸ ಕಲಿತಿತ್ತು. ಮೂರು ಬೆರಳು ಅದ್ದಿ, ಕಣ್ಣು ಮುಚ್ಚಿ, ಹಣೆಯ ಈ ತುದಿಯಿಂದ ಆ ತುದಿಗೆ ವಿಭೂತಿಯಂತೆ ಭರ್ತಿಯಾಗಿ ಎಳೆದುಕೊಂಡ. ಹಿಂದಿದ್ದ ಇಬ್ಬರು ಕಾಲೇಜು ಹುಡುಗರು ಇದೂ ಒಂದು ತಂತ್ರವಿರಬೇಕೆಂದು ತಾವೂ ಹಣೆಗೆ ಎಳೆದುಕೊಂಡರು.

"ಪಪ್ಪಾ, ಅದು ಕೈಗೆ" ಎಂದಳು ಮಾಧುರಿ ಅತ್ತಿತ್ತ ನೋಡುತ್ತ.

"ಗೊತ್ತದ. ಮೊದಲ ದೇವರಿಗೆ, ಆಮೇಲೆ ಕೈಗೆ" ಎಂದ ಸಿದ್ದಾರೂಢ.

ಮೊದಲು ಹಗ್ಗವಿಲ್ಲದ ಗಿಡ್ಡ ಗೋಡೆ. ಅಲ್ಲಿ ಮೂರು ಸಲ ಹತ್ತಿ ಮೂರು ಸಲ ಗಾದಿಯ ಮೇಲೆ ಧೊಪ್ಪೆಂದು ಬಿದ್ದ. ಆರು ವರ್ಷದ ಹುಡುಗಿಯೊಂದು ಅವನ ಹೊಟ್ಟೆಯ ಮೇಲಿಂದ ದಾಟಿಹೋಗಿ ಸರಸರನೆ ತುದಿ ಮುಟ್ಟಿತು. ಅವಮಾನದಿಂದ ಕುದಿದು ಸಿದ್ದಾರೂಢ ಎತ್ತರದ ಗೋಡೆಗೆ ಬಂದ. ಇಲ್ಲಿ ಸೊಂಟಕ್ಕೆ ಹಗ್ಗ. ಹಗ್ಗ ಮೇಲಿನ ಸರಳನ್ನು ಬಳಸಿ ಕೆಳಗಿಳಿದು ಮುಕ್ತಾಳ ಸೊಂಟಕ್ಕೆ. ಹತ್ತಿದವನು ಬಿದ್ದರೆ ಅವಳು ತಡೆಯುತ್ತಾಳೆ. ಸಿದ್ದಾರೂಢ ಮೈಲಾರಲಿಂಗನನ್ನು ನೆನೆದು ಆರೋಹಣ ಮಾಡಿದ. ಸಿಟ್ಟಿನ ಬಲವೋ ಏನೋ, ಎರಡಾಳೆತ್ತರ ದಾಟಿಯೇಬಿಟ್ಟ. ಅಲ್ಲಿ ಸಿಟ್ಟು ಇಳಿಯಿತು, ಅವನು ಇಳಿಯಲಿಲ್ಲ.

ಬೆವರು ಹಣೆಯ ಪುಡಿಯನ್ನೆಲ್ಲ ಕರಗಿಸಿಕೊಂಡು ಕಣ್ಣಿಗೆ ಇಳಿದಿತ್ತು. ಕಣ್ಣು ಧಗಧಗ. ಕಾಲಿಡಲು ಯಾವ ಉಂಡೆ ಎಲ್ಲಿದೆಯೋ ಕಾಣದು. ಎರಡು ಹಳದಿ ಉಂಡೆಗಳನ್ನು ತಬ್ಬಿಕೊಂಡು ಸಿದ್ದಾರೂಢ ಗೋಡೆಗೆ ಕೆನ್ನೆಯೂರಿದ.

"ಪಪ್ಪಾ, ಕೈ ಬಿಡ್ರಿ, ಹಗ್ಗಾ ಹಿಡೀತದ" ಎಂದಳು ಮಾಧುರಿ.

"ಬಿಡೂದಿಲ್ಲ."

"ಕಾಕಾ, ಹಾತ್ ಸೋಡಾ. ಮೀ ಆಹೇ ನಾ" ಎಂದಳು ಮುಕ್ತಾ, ಕೈ ಬಿಡಿ, ನಾನಿದ್ದೇನಲ್ಲ ಎಂದು.

"ನಾಹೀ ಸೋಡಣಾರ್." ಎರಡು ಭಾಷೆಗಳಲ್ಲಿ ಒಂದೇ ನಿರ್ಧಾರ. ಆಮೇಲೆ ಅವನಿಗರಿಯದಂತೆ ಬಾಯಿಂದ ಬಂತು, "ಒಮ್ಮೆ ಕೈ ಬಿಟ್ಟದ್ದಽ ಸಾಕಾಗೇದ ನನಗ."

ಕೆಳಗೆ ರೇಣು ಡಬ್ಬಿ ಬದಿಗಿಟ್ಟು ಎದ್ದು ಬಂದಳು. "ಯಾವಾಗ ಬಿಟ್ಟಿದ್ರಿ?"

"ಜೇಜುರಿಯೊಳಗ." ಸಿದ್ದಾರೂಢ ಗೋಡೆಗೆ ಹೇಳಿದ. "ಅವತ್ತ ಚಪ್ಪಲಿ ಜಾರಿದ್ದಿಲ್ಲ ರೇಣು. ಕಾಲಾಗ ಚಪ್ಪಲಿನಽ ಇದ್ದಿದ್ದಿಲ್ಲ."

"ಅದು ಎಲ್ಲಾರಿಗೂ ಗೊತ್ತದ."

"ನಿನ್ನ ಬೀಳಸ್ತೀನಿ ಅಂತ ಅಂಜಿಕಿ ಬಂತು. ಕೈ ನಡಗಲಿಕ್ಕೆ ಹತ್ತಿದ್ವು. ಅದಕ್ಕ ಬಿಟ್ಟೆ. ಇಪ್ಪತ್ತನಾಲ್ಕು ವರ್ಷ ಸುಳ್ಳು ಹೇಳಿದೆ."

ಗೋದಾಮಿನ ಹುಡುಗರೆಲ್ಲ ಹತ್ತುವುದು ಬಿಟ್ಟು ತಿರುಗಿ ನೋಡಿದರು. (ಕನ್ನಡ ತಿಳಿದವರು ಅಲ್ಲಿ ಮೂವರೇ. ಆದರೆ ಗೋಡೆಯ ಮೇಲಿಂದ ಗಂಡಸೊಬ್ಬ ತಪ್ಪೊಪ್ಪಿಕೊಳ್ಳುವ ದನಿ ಯಾರಿಗೂ ತಿಳಿಯುತ್ತದೆ.)

"ನೀವೆಲ್ಲಿ ಬಿಟ್ರಿ?" ಎಂದಳು ರೇಣು. "ನಾನಽ ಇಳದೆ. ನಿಮ್ಮ ಕೈ ನಡಗೂದು ನೋಡಿ, ಬೀಗರ ಮುಂದ ಎಲ್ಲಿ ಬಿದ್ದುಗಿದ್ದೀರಿ ಅಂತ ನಾನಽ ಜಿಗದು ಇಳದೆ. ನೀವು ಭಾಳ ಬಿಗಿ ಹಿಡದಿದ್ರಿ. ಬಿಡಿಸ್ಕೊಳ್ಳೂದರಾಗ ನನ್ನ ಎರಡು ಬಳಿ ಒಡದಿದ್ವು."

ಸಿದ್ದಾರೂಢ ಗೋಡೆಯಿಂದ ಕೆನ್ನೆ ಎತ್ತಿದ. ತಾನು ಬಿಟ್ಟಿರಲಿಲ್ಲ. ಬಿಗಿಯಾಗಿ ಹಿಡಿದಿದ್ದ. ಪುಡಿಯಿಂದ ಉರಿಯುತ್ತಿದ್ದ ಕಣ್ಣಿಗೆ ನಿಜವಾದ ನೀರೇ ಬಂತು, ಎದೆಯ ಮೇಲಿನ ದೊಡ್ಡ ಕಲ್ಲೊಂದು ಉರುಳಿದಂತಾಯಿತು. ಆ ಸುಖ ಸುಮಾರು ನಾಲ್ಕು ಸೆಕೆಂಡು ಇತ್ತು. ಐದನೆಯ ಸೆಕೆಂಡಿಗೆ ಅವನೊಳಗಿನ ಕಾರಕೂನ ಎಚ್ಚತ್ತ.

"ಹಂಗಾದ್ರ ಇಷ್ಟು ವರ್ಷ ಎರಡು ಮೆಟ್ಟಲಾ, ಎರಡು ಮೆಟ್ಟಲಾ ಅಂತ ಯಾಕ ಅಂದಿ?"

"ಉಳದಾವ ಅಂದೆ. ನೀವು ಬಿಟ್ರಿ ಅಂತ ಎಂದಾದ್ರೂ ಅಂದೀನೇನು? ಅಂದಾಗೊಮ್ಮೆ ನೀವಽ ಎದ್ದು ಹೋಗಿ ಕೆಲಸಾ ಮಾಡ್ತಿದ್ರಿ. ಮಾಡೂ ಮನಶಾಗ ಬ್ಯಾಡ ಅಂತ ಹೆಂಗ ಅನ್ಲಿ?"

"ಅಂದ್ರ ಆ ಅಟ್ಟಾ, ಆ ಮಿಕ್ಸರು, ನಿಮ್ಮ ಅಣ್ಣನ ಮನಿಯಿಂದ ವರ್ಷಾ ಜ್ವಾಳದ ಚೀಲಾ ಹೊತ್ತದ್ದು... ನೀ..." ಎಂದು ಸಿದ್ದಾರೂಢ ಸಿಟ್ಟಿನಿಂದ ತಿರುಗಿ ಹೆಂಡತಿಯತ್ತ ಬೆರಳು ತೋರಿಸಿದ.

ಬೆರಳು ತೋರಿಸಬೇಕಾದರೆ ಕೈ ಬಿಡಬೇಕು.

ಸಿದ್ದಾರೂಢ ಕೆಳಗೆ ಬಂದ, ಮುಕ್ತಾ ಮೇಲೆ ಹೋದಳು. ಐವತ್ತೆಂಟು ಕಿಲೋ ಎಂದು ನಂಬಿ ನಿಂತಿದ್ದ ಹುಡುಗಿ ಬಾವಿಯ ಕೊಡದಂತೆ ಸರ್ರನೆ ಏರಿದಳು. ನಡುದಾರಿಯಲ್ಲಿ ಇಬ್ಬರೂ ಮುಖಾಮುಖಿಯಾದರು. ರೇಣು ಒಂದು ಕ್ಷಣ ತಡಮಾಡಲಿಲ್ಲ. ಸೆರಗು ಸಿಕ್ಕಿಸಿ ಹಾರಿ ಮುಕ್ತಾಳ ಸೊಂಟದ ಪಟ್ಟಿ ಹಿಡಿದಳು, ಜಗ್ಗಿದಳು, ಹಾಗೇ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಹಗ್ಗ ನಿಂತಿತು. ಸಿದ್ದಾರೂಢ ಗಾಳಿಯಲ್ಲಿ ಗಿರಗಿರ ಸುತ್ತುತ್ತ ತೂಗಾಡಿದ.

"ಕಾಕೂ, ಕಾಕಾಂಚ ಖರ ವಜನ್ ಕಿತೀ?" ಎಂದಳು ಮುಕ್ತಾ ಏದುಸಿರಿನಲ್ಲಿ, ನಿಜವಾದ ತೂಕ ಎಷ್ಟೆಂದು.

"ಏಕ್ಯಾಂಶಿ" ಎಂದಳು ರೇಣು. ಎಂಬತ್ತೊಂದು. "ಫಾರ್ಮಾವರ್ಚ ಲಗ್ನಾಚ್ಯಾ ವೇಳೇಚ ಆಹೇ." ಫಾರ್ಮಿನಲ್ಲಿದ್ದದ್ದು ಮದುವೆಯ ಕಾಲದ್ದು ಎಂಬುದನ್ನೂ ಊರಿಗೆಲ್ಲ ತಿಳಿಸಿ, ಪಟ್ಟಿಯ ಹಿಡಿತ ಬಿಡದೆ ಗಂಡನನ್ನು ಗೇಣುಗೇಣಾಗಿ ನೆಲಕ್ಕೆ ಇಳಿಸಿಕೊಂಡಳು. ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತನಗಲ್ಲವೆಂದು ಸಿದ್ದಾರೂಢನಿಗೆ ಗೊತ್ತಿತ್ತು.

ಮುಂದಿನ ತಿಂಗಳು ಜೇಜುರಿ. ಮುರುಗೆಪ್ಪ, ಕಾಶವ್ವ, ಹಲಗಿಯವರು, ಭಂಡಾರ ತೂರುವವರು, ಎಲ್ಲರೂ ನೋಡುತ್ತಿದ್ದಂತೆ ಸಿದ್ದಾರೂಢ ಬಗ್ಗಿ ರೇಣುವನ್ನು ಎತ್ತಿದ. ಕೈ ನಡುಗಿದವು. "ಈ ಸಲ ಜಿಗೀಬ್ಯಾಡ" ಎಂದ ಕಿವಿಯಲ್ಲಿ. "ಇಲ್ಲ" ಎಂದು ಅವಳು ಅವನ ಕೊರಳನ್ನು ಗಟ್ಟಿಯಾಗಿ ಬಳಸಿದಳು. ಒಂದು, ಎರಡು, ಮೂರು. ನಾಲ್ಕು. ಐದು. ತೂರಿದ ಅರಿಸಿನದಲ್ಲಿ ಇಬ್ಬರೂ ಮಿಂದುಹೋದರು. ಆ ಗಳಿಗೆಯಲ್ಲಿ ಸಿದ್ದಾರೂಢನಷ್ಟು ಸುಖಿ ಪುಣೆ ಜಿಲ್ಲೆಯಲ್ಲಿ ಇರಲಿಲ್ಲ. "ನಾ ತೊಂಬತ್ತು ಹತ್ತಿದ್ದೆ" ಎಂದ ಮುರುಗೆಪ್ಪನ ಮಾತನ್ನೂ ಅವನು ನಗುತ್ತಲೇ ಕ್ಷಮಿಸಿದ.

ಮರುವಾರ ರವಿವಾರ ಸಿದ್ದಾರೂಢ ಕುರ್ಚಿಯಲ್ಲಿ ಕಾಲು ಚಾಚಿ, ಎಷ್ಟೋ ದಿನಗಳ ಮೇಲೆ ಕೂತಲ್ಲೇ ಕೂತು ಪೇಪರು ಓದುತ್ತಿದ್ದ.

"ಅಟ್ಟದಾಗ ಜೇಡಾ ಕಟ್ಟೇದ್ರಿ" ಎಂದಳು ರೇಣು.

"ಕಟ್ಲಿ" ಎಂದ ಪೇಪರು ಇಳಿಸದೆ. "ಮೆಟ್ಟಲಾ ಮುಗದ್ವು. ಇನ್ನ ನಾ ಯಾವ ಅಟ್ಟಾನೂ ಹತ್ತೂದಿಲ್ಲ."

"ಹೌದ್ರಿ, ಮುಗದ್ವು" ಎಂದು ರೇಣು ಒಪ್ಪಿಕೊಂಡು ಸೊಂಟದ ಮೇಲೆ ಕೈಯಿಟ್ಟಳು. "ನಾನಽ ಹತ್ತಬೇಕಂದ್ರ, ಅವತ್ತ ನಿಮ್ಮನ್ನ ಇಳಿಸಿಕೊಂಡಾಗಿಂದ ನಡಾ ಒಂದಿಷ್ಟು ಹಿಡದಂಗ ಆಗೇದ. ಮಾಧುರಿ, ಆ ಗ್ವಾಡಿ ಎಷ್ಟು ಎತ್ತರ ಇತ್ತ?"

"ಪಪ್ಪಾ ಇದ್ದದ್ದು ಹದಿನೈದು ಫೂಟ್, ಮಮ್ಮಿ."

ಕಾಶವ್ವ ಮೂಲೆಯಲ್ಲಿ ಅಕ್ಕಿ ಆರಿಸುತ್ತ ಬೆರಳು ಮಡಚಿದಳು. "ಫೂಟಿಗೆ ಎರಡು ಹಿಡದ್ರ ಮೂವತ್ತು ಮೆಟ್ಟಲಾ ಆದ್ವು. ಇಂವಾ ಹತ್ತಿದ್ದು ಐದು. ಇನ್ನೂ ಇಪ್ಪತ್ತೈದು ಉಳದಾವ."

ಸಿದ್ದಾರೂಢ ಸ್ವಲ್ಪ ಹೊತ್ತು ಪೇಪರಿನ ಒಂದೇ ಸಾಲನ್ನು ಓದಿದ. ಆಮೇಲೆ ಎದ್ದು, ಪಂಚೆಯನ್ನು ತಲೆಗೆ ಸುತ್ತಿಕೊಂಡು, ಏಣಿ ತಂದು ಅಟ್ಟಕ್ಕೆ ಆನಿಸಿದ. ರೇಣು ಕೆಳಗೆ ಏಣಿಯನ್ನು ಬಿಗಿಯಾಗಿ ಹಿಡಿದು ನಿಂತಳು.