ನಾನೇ ಬರೆದ ಟ್ರಾಫಿಕ್ ನಿಯಮಗಳು

ನಾನೂರು ಜನರ ಕಚೇರಿಯ ಇಂಟರ್ನೆಟ್ಟನ್ನೇ ಹಿಡಿತದಲ್ಲಿಟ್ಟುಕೊಂಡವನಿಗೆ ಮೂರು ಜನರ ಮನೆ ಯಾವ ಲೆಕ್ಕ! ಆ ಭಾನುವಾರ ಹಳೆಯದೊಂದು ಫೈರ್‌ವಾಲ್ ಪೆಟ್ಟಿಗೆಯನ್ನು ಮನೆಗೆ ತಂದು ಕೂರಿಸಿದೆ. ಒಳಬರುವ ಪ್ರತಿ ವೆಬ್ ಪುಟವನ್ನೂ ಅದು ಬಿಚ್ಚಿ ತಪಾಸಣೆ ಮಾಡಬೇಕು. ವಿಡಿಯೋಗೆ ತೊಟ್ಟು ತೊಟ್ಟು ವೇಗ, ನನ್ನ ಕೆಲಸಕ್ಕೆ ಧಾರಾಳ ವೇಗ. ಸಾಮ್ರಾಜ್ಯಕ್ಕೆ ಶಾಸನ ಬರೆಸುವವನ ಗತ್ತಿನಲ್ಲಿ ನಿಯಮಗಳನ್ನು ಬರೆದೆ.

"ಚೆನ್ನಾಗೇ ಓಡ್ತಿತ್ತಲ್ಲ, ಯಾಕ್ರೀ ಕೈ ಹಾಕ್ತೀರಾ?" ಎಂದಳು ಹೆಂಡತಿ.

"ಓಡ್ತಿತ್ತು. ಶಿಸ್ತಿರ್ಲಿಲ್ಲ."

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮಗಳಿಗೆ ಪಶುವೈದ್ಯ ಕಾಲೇಜಿನ ಆನ್‌ಲೈನ್ ಸಂದರ್ಶನ. ಒಂಬತ್ತೂ ಮುಕ್ಕಾಲಿಗೆ ಅವಳ ಕೋಣೆಯಿಂದ ದನಿ ಬಂತು. "ಅಪ್ಪಾ, ಈ ಪುಟ ಸುರಕ್ಷಿತ ಅಲ್ಲ ಅಂತ ತೋರಿಸ್ತಿದೆ."

ತಪಾಸಣೆ ಮಾಡುವ ಪೆಟ್ಟಿಗೆಯನ್ನು ನಂಬಬಹುದು ಎಂದು ಲ್ಯಾಪ್‌ಟಾಪಿಗೆ ತಿಳಿಸುವ ಡಿಜಿಟಲ್ ಪ್ರಮಾಣಪತ್ರವನ್ನು ಅವಳದಕ್ಕೆ ಹಾಕುವುದನ್ನೇ ಮರೆತಿದ್ದೆ. ಹಾಕಿದೆ. ಪುಟವೇನೋ ತೆರೆಯಿತು, ಆದರೆ ಪರದೆಯಲ್ಲಿ ಮಗಳ ಮುಖ ಬಾಯಿ ತೆರೆದಂತೆಯೇ ನಿಂತುಬಿಟ್ಟಿತು. ವಿಡಿಯೋ ನಿಯಮ ತೆಗೆಯಲು ನನ್ನ ಕೋಣೆಗೆ ಓಡಿದೆ. ಅವಸರದಲ್ಲಿ ಅದರ ಮೇಲಿನ ಸಾಲು ಅಳಿಸಿಹೋಯಿತು. ಅದು ನನ್ನನ್ನು ಒಳಗೆ ಬಿಡುವ ಸಾಲು. ಪೆಟ್ಟಿಗೆ ನನ್ನನ್ನೇ ಆಚೆ ದಬ್ಬಿತು.

ಕೋಣೆಯಿಂದ ಹಜಾರಕ್ಕೆ, ಹಜಾರದಿಂದ ಕೋಣೆಗೆ ತಿರುಗಿದೆ. ಗಡಿಯಾರ ನೋಡಿದೆ. ವೈರು ಕಿತ್ತೆ, ಚುಚ್ಚಿದೆ. ಮತ್ತೆ ಗಡಿಯಾರ ನೋಡಿದೆ.

"ಎಷ್ಟು ಹೊತ್ತಾಗುತ್ತೆ?" ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಎರಡೇ ನಿಮಿಷ."

"ಅದನ್ನೇ ಆಗ್ಲೇ ಮೂರು ಸಲ ಹೇಳಿದ್ರಿ." ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಸಿಗದು. ಅವಳು ಲ್ಯಾಪ್‌ಟಾಪನ್ನು ಕಂಕುಳಿಗೆ ಸಿಕ್ಕಿಸಿ, ಮಗಳ ಕೈ ಹಿಡಿದು, ಕೆಳಗಿನ ದರ್ಜಿಯ ಅಂಗಡಿಗೆ ಇಳಿದೇಬಿಟ್ಟಳು. ದರ್ಜಿ ತನ್ನ ವೈಫೈ ಕೊಟ್ಟು, ಮೆಷಿನ್ ನಿಲ್ಲಿಸಿ, ಮುಕ್ಕಾಲು ಗಂಟೆ ಬರೀ ಗುಂಡಿ ಹೊಲಿಯುತ್ತ ಕೂತನಂತೆ. ಕೆಳಗಿಳಿಯಲು ಮುಖವಿಲ್ಲದೆ ನಾನು ಮೆಟ್ಟಿಲಲ್ಲೇ ಕೂತೆ, ಎದ್ದೆ, ಮತ್ತೆ ಕೂತೆ.

ಹನ್ನೊಂದಕ್ಕೆ ಮಗಳು ನಗುತ್ತಲೇ ಹತ್ತಿ ಬಂದಳು. "ಚೆನ್ನಾಗಾಯ್ತಪ್ಪ. ನಿನ್ನ ಹಿಂದೆ ಅಷ್ಟೊಂದು ಬಟ್ಟೆ ಯಾಕೆ ನೇತಾಡ್ತಿದೆ ಅಂತ ಕೇಳಿದ್ರು. ನಮ್ಮನೆ ಇಂಟರ್ನೆಟ್ಟಿಗೆ ಯಾರೋ ಹ್ಯಾಕರ್ ನುಗ್ಗಿದಾನೆ, ಅದಕ್ಕೇ ಇಲ್ಲಿಗೆ ಬಂದೆ ಅಂದೆ."

"ಸುಳ್ಯಾಕಮ್ಮ ಹೇಳಿದೆ?"

"ಇನ್ನೇನ್ ಹೇಳ್ಲಿ? ಅಪ್ಪ ನೆಟ್‌ವರ್ಕ್ ಇಂಜಿನಿಯರ್ ಅಂತ ಅರ್ಜಿಯಲ್ಲಿ ಬರ್ದುಬಿಟ್ಟಿದೀನಲ್ಲ."